ಬಿಟ್ಟಿ

ಎಕ್ಕಡ ಹೊಸ್ತಿಲಾಚೆ ಬಿಟ್ಟು ಬಂದು ಕೂತ ಮಾಯಿಗಯ್ಯ
ಪಂಚಾಯಿತಿ ಲೈಬ್ರರಿಯ ಒಂದೇ ಕಂಪ್ಯೂಟರಿನ ಮುಂದೆ.
ಬೇಡವೆಂದರೂ ಬಿಡುತ್ತಾನೆ. ಹಳೆಯ ರೂಢಿ.
ನಲವತ್ತು ವರ್ಷದ ನೀರುಗಂಟಿ,
ಬೆರಳು ಮಡಿಸಿದರೆ ಈಗಲೂ
ಗುದ್ದಲಿ ಕಾವಿನಷ್ಟೇ ಜಾಗ ಉಳಿಯುತ್ತದೆ ಒಳಗೆ.

ತೆರೆಯ ಮೇಲೆ ಹುಣಸೇಕೊಪ್ಪಲು, ಆಕಾಶದಿಂದ:
ನಿಂತ ಕಬ್ಬಿನ ಕಡು ಹಸಿರು, ಕೂಳೆಯ ಕಂದು,
ಆಲೆಮನೆಯ ಸುತ್ತ ಒಣಹಾಕಿದ ಸಿಪ್ಪೆಯ ಬಿಳುಪು,
ವಿ.ಸಿ. ನಾಲೆ ಮಾತ್ರ ಯಾರೋ ಉಗುರಲ್ಲಿ ಗೀರಿದ ಹಾಗೆ.

"ಎಷ್ಟು ಕೊಟ್ಟೆ ಇದಕ್ಕೆ?"
"ಏನೂ ಇಲ್ಲ. ಸರ್ಕಾರದ ಪಟ. ಎಲ್ಲರಿಗೂ ಬಿಟ್ಟಿ."

ನಕ್ಕ. ಹಲ್ಲು ಕಾಣಲಿಲ್ಲ.

"ಬಿಟ್ಟಿ ಅನ್ನೋದು ನಮ್ಮಪ್ಪನ್ನ ಕೇಳ್ಬೇಕಿತ್ತು ಕಣವ್ವ.
ಸರ್ವೇ ಅಯ್ನೋರು ಬಂದಾಗ ಹದಿನಾರಾಣೆ ಸರಪಳಿ ಎಳ್ದೋನು ಅವನು.
ಕತ್ತಾಳೆ ಮೆಳೆ, ಮಂಡಿ ಕೆಸರು, ಏನಿದ್ರೂ ನೆಟ್ಟಗೆ ಹೋಗ್ಬೇಕು,
ಸರಪಳಿ ಬಳಸ್ಕೊಂಡು ಹೋಗಂಗಿಲ್ವಲ್ಲ.
ಬಾಂದುಕಲ್ಲು ಹೊತ್ತೋನು. ಗುಂಡಿ ತೋಡ್ದೋನು.
ಕೂಲಿ ಅಂದ್ರೆ, ಬಿಟ್ಟಿ ಚಾಕರಿ ಕಣ್ಲಾ ಅಂದ್ರು.
ಬರ್ದ ಕಾಗದ ತಾಲ್ಲೂಕು ಬೀರು ಸೇರ್ತು.
ಒಂದ್ಸಲ ತೋರ್ಸಿ ಬುದ್ದಿ ಅಂದ್ರೆ
ನಿಂಗ್ಯಾಕ್ಲಾ ಅಂದ್ರಂತೆ."

ಆ ಕಾಗದವೂ ಈಗ ಬೀರುವಿನಿಂದ ಹೊರಬಿದ್ದಿದೆ,
ಕಾಸಿಲ್ಲದೆ, ಅರ್ಜಿಯಿಲ್ಲದೆ,
ಮಳವಳ್ಳಿಯ ಕಚೇರಿಯಲ್ಲಿ ಸಾಹೇಬರ ಊಟದ ಹೊತ್ತು ಕಾಯದೆ.
ತೆಗೆದೆ. ಪಟದ ಮೇಲೆ ಹೊದಿಸಿದೆ.
ಹೊಂದಲಿಲ್ಲ. ಕೆರೆ ಏರಿ ಹೋಗಿ ಶಾಲೆಯ ಮೇಲೆ ಕೂತಿತು,
ಪಟೇಲರ ತೋಟ ನಾಲೆಯೊಳಗೆ ಇಳಿಯಿತು.
ಇದಕ್ಕೆ ಮಾತ್ರ ಅವನು ಚೆನ್ನಾಗಿಯೇ ನಕ್ಕ.

ಎಲ್ಲಿಗೆ ಕಟ್ಟಿಹಾಕಲಿ ಇದನ್ನು?
"ಇಲ್ಲಿ," ಎಂದ, ಗಾಜಿಗೆ ಬೆರಳಿಟ್ಟು.
"ಸೇತುವೆ ಪಕ್ಕ, ಹೊಂಗೆ ಬುಡದಲ್ಲಿ ಒಂದು ಕಲ್ಲದೆ.
ಅಪ್ಪ ಹೊತ್ತದ್ದು. ಆವತ್ತು ರಾತ್ರಿ ಅವ್ವ
ಹೆಗಲಿಗೆ ಹರಳೆಣ್ಣೆ ತಿಕ್ಕಿ ಮನೆಲೆಲ್ಲ ವಾಸನೆ.
ವಸಿ ಬಡಗಲಾಗಿ ಎಳಿ. ಇನ್ನೊಂಚೂರು... ಹಾಂ."
ಇನ್ನೊಂದು ಕಲ್ಲು. ಮತ್ತೊಂದು.
ನಕ್ಷೆ ನಡುಗಿ, ಸರಿದು,
ಒದ್ದೆ ಪಂಚೆ ಬಂಡೆಗೆ ಅಂಟುವಂತೆ ಅಂಟಿತು.

ಆಮೇಲೆ ಮೂರು ತಿಂಗಳು, ಗುರುವಾರ ಗುರುವಾರ.
ಇಲಾಖೆಗೆ ಅದು ಏಳನೇ ತೂಬು, ಊರಿಗೆ ಬಾಣಂತಿ ತೂಬು,
ಮೆಲ್ಲಗೆ ನಡೆಯುತ್ತದೆ ಅಲ್ಲಿ ನೀರು; ಹಾಗೇ ಬರೆದೆವು.
ಆಂಬುಲೆನ್ಸು ತಿರುಗಲಾರದ ತಿರುವುಗಳನ್ನು
ಆಶಾ ನಿಂಗರಾಜಮ್ಮ ಎಣಿಸಿ ಹೇಳಿದಳು: ನಾಲ್ಕು.
ಲಾಂಟಾನ ಪೊದೆಯ ಹಿಂದಿನದಕ್ಕೆ ಬಂದಾಗ ನನ್ನ ಕೈ ಹಿಡಿದಳು.
"ಅದು ಕತ್ತಲಲ್ಲಿ ಹೆಂಗಸರು ಹೋಗೋ ದಾರಿ. ಅದು ಬ್ಯಾಡ."
ಬಿಟ್ಟೆವು.

ಒಂದು ಗೆರೆ ಉಳಿದಿತ್ತು.
ಕಾಲೊನಿಯ ಹಿತ್ತಲಿಂದ ಹಳ್ಳದ ದಂಡೆಗೆ,
ಎರಡು ಕಬ್ಬಿನ ಗದ್ದೆಗಳ ನಡುವೆ, ಬೈತಲೆಯಷ್ಟು ಸಣ್ಣಗೆ, ಬೆಳ್ಳಗೆ.
ಕಾಗದದಲ್ಲಿ ಇಲ್ಲ. ಪಟದಲ್ಲಿ ಇದೆ.
ಇದೇನು ಎಂದು ಕೇಳಿದ ಮೇಲೆ ನನಗೇ ಹೊಳೆಯಿತು.
"ಹೆಣ ಹೊರೋ ದಾರಿ. ಅಪ್ಪನೂ ಇದ್ರಲ್ಲೇ ಹೋದ.
ಸರಪಳಿ ಇದನ್ನ ದಾಟ್ತು ಕಣವ್ವ, ಹಿಡ್ದಿದ್ದೋನು ಅವನೇ.
ಬರೆಯೋರು ಬರೀಲಿಲ್ಲ."

ಚುಕ್ಕಿ ಚುಕ್ಕಿ ಒತ್ತಿ ಎಳೆದೆ, ಮೂವತ್ತೊಂದು ಚುಕ್ಕಿ.
ಯಾವ ಬಗೆಯ ರಸ್ತೆ ಎಂದು ಕೇಳಿತು. ಕಾಲುದಾರಿ.
ಹೆಸರು ಎಂದು ಕೇಳಿತು.
ಅವನು ಕಿಟಕಿಯ ಕಡೆ ನೋಡಿದ. ಖಾಲಿ ಬಿಟ್ಟೆ.

"ಯಾರು ಬೇಕಾದ್ರೂ ನೋಡ್ಬೌದಾ?"
"ಯಾರು ಬೇಕಾದರೂ."
"ಅಳಿಸ್ಲೂಬೌದಾ?"
ಸುಳ್ಳು ಹೇಳಲಾಗಲಿಲ್ಲ. "ಅಳಿಸಬಹುದು."

ಎದ್ದ. ಟವೆಲು ಕೊಡವಿದ.
"ಹಂಗಾದ್ರೆ ದಿನಾ ಬರ್ತೀನಿ.
ಸರದಿ ನೀರ್ನ ರಾತ್ರಿಯೆಲ್ಲ ಕಾದೋನಿಗೆ
ಒಂದು ಗೆರೆ ಕಾಯೋದು ಯಾವ ಭಾರ?"

ಹೊಸ್ತಿಲಾಚೆ ಎಕ್ಕಡ ಮೆಟ್ಟುತ್ತ ಮತ್ತೆ ತಲೆ ಹಾಕಿದ:
"ಭಾನುವಾರ ತೆಗ್ದಿರ್ತೀಯಾ?"